ಕನ್ನಡಿಯಂಥ ಗಾಜು ಸುಣ್ಣದ ಗೋಡೆಯಾಯ್ತು!

ಕೋಲಾರ: ನಮ್ಮ ಬಸ್ ನಿಲ್ದಾಣದಿಂದ ಕೂಗಳತೆ ದೂರದಲ್ಲಿರುವ ಒಂದು ಲಾಡ್ಜಿಗೆ ಮೊನ್ನೆ ಹೋಗಿದ್ದೆ. ರೂಮು ಹಿಡಿಯಲಿಕ್ಕಲ್ಲ, ಬಚ್ಚಲು ನೋಡಲಿಕ್ಕೆ. ನಗಬೇಡಿ. ಬಚ್ಚಲು ನೋಡಿ ಸುದ್ದಿ ಬರೆಯೋ ಗತಿ ಬಂತೇ ಅಂತ ಕೇಳೋರು ಪೂರ್ತಿ ಓದಿ ಆಮೇಲೆ ಕೇಳಿ.

ಒಂದೂವರೆ ವರ್ಷದ ಕೆಳಗೆ ಈ ಲಾಡ್ಜಿನ ಮಾಲೀಕರು ಎಂಟು ರೂಮುಗಳ ಬಚ್ಚಲಿಗೆ ಗಾಜಿನ ಬಾಗಿಲು ಹಾಕಿಸಿದರು. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದಿವೆಯಲ್ಲ, ಅಲ್ಲಿಗೆ ಬಂದು ಹೋಗುವ ಇಂಜಿನಿಯರು, ಆಡಿಟರು ರಾತ್ರಿ ಬೆಂಗಳೂರಿಗೆ ವಾಪಸ್ ಓಡದೆ ಇಲ್ಲೇ ಉಳಿಯಲಿ ಅನ್ನುವ ಆಸೆ. ಸ್ನಾನ ಮಾಡುವ ಜಾಗ ಒಂದು ಕಡೆ, ಕಮೋಡು ಒಂದು ಕಡೆ, ನಡುವೆ ಆಳೆತ್ತರದ ಗಾಜು. ಮೊದಲ ವಾರ ಗಾಜು ಎಷ್ಟು ಶುಭ್ರವಾಗಿತ್ತು ಅಂದರೆ ಒಬ್ಬ ಗಿರಾಕಿ ಬಾಗಿಲು ತೆಗೆದೇ ಇದೆ ಅಂದ್ಕೊಂಡು ಮೂಗು ಜಜ್ಜಿಕೊಂಡರಂತೆ.

ಮೂರನೇ ತಿಂಗಳಿಗೆ ಬಿಳಿ ಚುಕ್ಕೆ ಕಾಣಿಸಿದವು. ಆರನೇ ತಿಂಗಳಿಗೆ ಚುಕ್ಕೆಗೆ ಚುಕ್ಕೆ ಕೂಡಿ ಗಾಜಿಗೆ ಸುಣ್ಣ ಹೊಡೆದ ಹಾಗಾಯ್ತು. ‘ಬಚ್ಚಲು ತೊಳೆದೇ ಇಲ್ಲ’ ಅಂತ ಗಿರಾಕಿಗಳು ತಕರಾರು ತೆಗೆದರು. ಮಾಲೀಕರು ರೂಮ್ ಬಾಯ್ ಮೇಲೆ ರೇಗಿದರು. ಮುಳಬಾಗಿಲು ಕಡೆಯ ಹಳ್ಳಿಯ ಹುಡುಗ ಆತ, 19 ವರ್ಷ. ದಿನಾ ಸೋಪಿನ ಪುಡಿ ಹಾಕಿ ಉಜ್ಜುತ್ತಲೇ ಇದ್ದ. ಒದ್ದೆ ಇರುವಾಗ ಗಾಜು ಫಳಫಳ, ಒಣಗಿದ ಮೇಲೆ ಮತ್ತೆ ಅದೇ ಬಿಳುಪು. ಕೊನೆಗೆ ಯಾರೋ ‘ಆಸಿಡ್ ಹಾಕೋ, ಹಾಲಿನ ಕೆನೆ ತೆಗೆದಂಗೆ ಬತ್ತದೆ’ ಅಂದರು. ತಂದ. ಹಾಕಿದ. ಬಂತು ಕೂಡ. ಜೊತೆಗೆ ಬಾಗಿಲಿನ ಹಿತ್ತಾಳೆ ಕೀಲಿನ ಮೇಲಿದ್ದ ಬೆಳ್ಳಗಿನ ಪಾಲಿಶ್ ಕಪ್ಪಾಯ್ತು, ಟೈಲ್ಸಿನ ಸಂದಿಯ ಸಿಮೆಂಟು ಬುರುಬುರು ಎದ್ದು ಹೋಯ್ತು. ಸಂಬಳದಲ್ಲಿ 2,000 ರೂಪಾಯಿ ಮುರಿದುಕೊಂಡರು.

ಎರಡನೇ ಸಲ ಆಸಿಡ್ ಹಾಕಿದ ದಿನ ಬಚ್ಚಲಿನ ನೆಲದ ಮೇಲೆ ಬೆಳಗ್ಗೆ ಎರಚಿದ್ದ ಬ್ಲೀಚಿಂಗ್ ಪೌಡರ್ ಹಾಗೇ ಇತ್ತು. ಬಾಗಿಲು ಮುಚ್ಚಿಕೊಂಡು ಕೆಲಸ ಮಾಡ್ತಿದ್ದ ಹುಡುಗನಿಗೆ ಕೆಮ್ಮು ಹತ್ತಿತು, ಕಣ್ಣು ಉರಿಯಿತು, ಉಸಿರು ಕಟ್ಟಿತು. ಅವನ ಪುಣ್ಯ, ಅಗಸೆ ಹಾಕಿರಲಿಲ್ಲ. ತೆವಳಿಕೊಂಡು ಈಚೆ ಬಂದ. ಮೂರು ದಿನ ಆಸ್ಪತ್ರೆ.

ಗಾಜಿನ ಮೇಲಿನ ಚುಕ್ಕೆ ಎಲ್ಲಿಗೆ ತಂದು ನಿಲ್ಲಿಸಿತು ನೋಡಿ. ಆ ಚುಕ್ಕೆ ಯಾತರದು, ಬಾರದ ಹಾಗೆ ಏನು ಮಾಡಬೇಕು, ಬಂದರೆ ಯಾವುದರಿಂದ ತೆಗೀಬೇಕು ಅನ್ನೋದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕಂದರೆ ನನಗೂ ಗೊತ್ತಿರಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಕಲಿತದ್ದಕ್ಕಿಂತ ಒಡೆದದ್ದು ಹೆಚ್ಚು. ಈ ಹುಡುಗನ ದೆಸೆಯಿಂದ ಒಂದು ವಾರ ಬಲ್ಲವರನ್ನು ಕೇಳಿ, ಹಳೇ ಪಠ್ಯಪುಸ್ತಕ ತಿರುವಿ ಹಾಕಿದೆ. ತಿಳಿದದ್ದನ್ನು ಬರೆದಿದ್ದೇನೆ.

ನೀರಿನಲ್ಲಿ ಕಲ್ಲು

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯೋ ನದಿ ಇಲ್ಲ. ತಾತಂದಿರು ಕೆರೆ ಕಟ್ಟಿಕೊಂಡು ಬಾಳಿದರು, ಅಪ್ಪಂದಿರು ಬಾವಿ ತೋಡಿದರು, ನಾವು ಬೋರು ಕೊರೆದೆವು. 200 ಅಡಿಗೆ ಸಿಗುತ್ತಿದ್ದ ನೀರಿಗಾಗಿ 1,000 ಅಡಿ, 1,200 ಅಡಿ ಇಳಿದದ್ದು ಇಲ್ಲಿ ಮನೆಮನೆಯ ಕಥೆ. ಮಳೆನೀರು ಮೋಡದಿಂದ ಬೀಳುವಾಗ ಅದರಲ್ಲಿ ಏನೂ ಇರೋಲ್ಲ, ಸಪ್ಪೆ ನೀರು. ಮಣ್ಣಿಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಸೇರಿಸಿಕೊಂಡು ಸ್ವಲ್ಪ ಹುಳಿಯಾಗುತ್ತೆ. ನಮ್ಮ ಸೋಡಾ ಅಂಗಡಿ ಗೋಲಿಸೋಡಾದಲ್ಲಿರೋ ಗ್ಯಾಸೇ ಅದು. ಆ ಹುಳಿ ನೀರು ಮಣ್ಣಿನೊಳಗಿನ ಸುಣ್ಣಕಲ್ಲಿನ ಗುಂಡುಗಳನ್ನೂ, ಕೆಳಗಿನ ಬಂಡೆಯನ್ನೂ ನಿಧಾನವಾಗಿ ಕರಗಿಸುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿಗೆ ಸೇರುತ್ತೆ. ಬಂಡೆಯ ಬಿರುಕುಗಳಲ್ಲಿ ನೀರು ಎಷ್ಟು ವರ್ಷ ಕೂತಿರುತ್ತೋ ಅಷ್ಟು ಹೆಚ್ಚು. ಇದೇ ಗಡಸು ನೀರು. ನಮ್ಮ ಹಳ್ಳಿಯವರು ಉಪ್ಪುನೀರು ಅಂತಾರೆ, ಸವಳು ಅಂತಾರೆ.

ಈ ನೀರು ಗಾಜಿಗೆ ಸಿಡಿದು ಹನಿಯಾಗಿ ನಿಲ್ಲುತ್ತೆ. ನೀರು ಆವಿಯಾಗಿ ಹೋಗುತ್ತೆ, ಗ್ಯಾಸು ಹಾರಿಹೋಗುತ್ತೆ. ಕರಗಿದ್ದ ಸುಣ್ಣ ಎಲ್ಲಿಗೆ ಹೋಗಬೇಕು? ಅಲ್ಲೇ ಕೂರುತ್ತೆ. ಹನಿಯ ಅಂಚು ಮೊದಲು ಒಣಗೋದರಿಂದ ಅಂಚಿನಲ್ಲೇ ಹೆಚ್ಚು ಕೂತು ಬಳೆಯ ಹಾಗೆ ಕಾಣುತ್ತೆ. ಕಾಯಿಸಿದ ನೀರಾದರೆ ಇನ್ನೂ ಬೇಗ. ಹಿಂದೆ ಬಚ್ಚಲೊಲೆಯ ಹಂಡೆ ಒಳಗೆ ಕೈಯಾಡಿಸಿದವರಿಗೆ ಗೊತ್ತು, ತರಿತರಿ ಬಿಳಿ ಹೆಪ್ಪಳಿಕೆ. ಈಗ ಅದೇ ಗೀಸರಿನ ಕಾಯಿಲ್ ಮೇಲೆ ಕೂರುತ್ತೆ, ಸೋಲಾರ್ ಕೊಳವೆಯಲ್ಲಿ ಕೂರುತ್ತೆ, ಷವರಿನ ತೂತು ಮುಚ್ಚುತ್ತೆ. ಗಾಜಿನ ಮೇಲೆ ಕೂತದ್ದು ಕಣ್ಣಿಗೆ ಕಾಣುತ್ತೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಬೇಕೆನ್ನುವ ಅಂಗಡಿಯವರಿಗೆ ಲೆಕ್ಕವನ್ನೇ ಕೊಡೋಣ. ಕುಡಿಯೋ ನೀರಿಗೆ ಸರ್ಕಾರದ ಮಾನಕ ಒಂದಿದೆ, 2012ರದು. ಅದರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದರೆ 600ರವರೆಗೆ ಸಹಿಸಬಹುದು. ನಿಮ್ಮ ಬೋರಿನ ನೀರು 500 ಅಂತ ಇಟ್ಟುಕೊಳ್ಳಿ. ಒಂದು ಸ್ನಾನಕ್ಕೆ ಗಾಜಿನ ಮೇಲೆ ಅರ್ಧ ಟೀ ಲೋಟದಷ್ಟು, ಅಂದರೆ 50 ಮಿಲಿಲೀಟರ್ ನೀರು ಉಳಿದು ಒಣಗಿತು ಅನ್ನಿ. 25 ಮಿಲಿಗ್ರಾಂ ಸುಣ್ಣ ಕೂತಿತು. ದಿನಕ್ಕೆ ಎರಡು ಸ್ನಾನ, ವರ್ಷಕ್ಕೆ 18 ಗ್ರಾಂ ಚಿಲ್ಲರೆ. ಚಿನ್ನದಂಗಡಿ ಹಳೇ ಲೆಕ್ಕದಲ್ಲಿ ಒಂದೂವರೆ ತೊಲ! ಒಂದೇ ಬಾಗಿಲಿಗೆ. ಎಲೆಅಡಿಕೆಗೆ ಹಚ್ಚಿಕೊಳ್ಳೋ ಸುಣ್ಣ ಎಷ್ಟು ಅಂತ ಗೊತ್ತಿರೋರಿಗೆ ಇದು ಎಷ್ಟಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದು ಲಾಡ್ಜಿನವರ, ದೊಡ್ಡಮನುಷ್ಯರ ಮನೆ ಸಮಾಚಾರ, ನಮಗ್ಯಾಕೆ ಅಂತ ಮೂಗು ಮುರೀಬೇಡಿ. ನೀವು ಈ ಪತ್ರಿಕೆಯನ್ನು ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಓದ್ತಿದ್ದರೆ ಒಂದು ಸಲ ಪಕ್ಕಕ್ಕೆ ತಿರುಗಿ ನೋಡಿ. ಗಾಜಿನ ಮೇಲೆ ಬಿಳಿ ಬಳೆ ಬಳೆ ಕಾಣಿಸುತ್ತಾ? ಬೋರ್ ನೀರಿನಲ್ಲಿ ತೊಳೆದು ಬಿಸಿಲಿಗೆ ನಿಲ್ಲಿಸಿದ ಗಾಡಿ ಅದು. ದೊಡ್ಡಪೇಟೆ ಕಡೆ ಬೇಕರಿಯ ಷೋಕೇಸು, ಸಲೂನಿನ ಕನ್ನಡಿಯ ಕೆಳಭಾಗ, ಹೋಟೆಲಿನ ನೀರಿನ ಲೋಟ, ಎಲ್ಲಾ ಇದೇ ರೋಗ. ಸಲೂನಿನಲ್ಲಿ ನೋಡಿ, ನೀರಿನ ಪಿಚಕಾರಿ ಹೊಡೆಯೋ ಎತ್ತರಕ್ಕೆ ಸರಿಯಾಗಿ ಕನ್ನಡಿ ಮಬ್ಬಾಗಿರುತ್ತೆ. ಮೇಲೆ ನಮ್ಮ ಹಣೆ ಚೆನ್ನಾಗಿ ಕಾಣುತ್ತೆ, ಗಲ್ಲ ಕಾಣೋಲ್ಲ.

ಸೋಪೂ ಪಾಲುದಾರ

ಬಚ್ಚಲಿನ ಗಾಜಿಗೆ ಸುಣ್ಣ ಒಂದೇ ಶತ್ರುವಲ್ಲ. ಗಡಸು ನೀರಿನಲ್ಲಿ ಸೋಪು ನೊರೆ ಬರೋಲ್ಲ ಅನ್ನೋದು ನಮ್ಮೂರ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೊರೆಯಾಗಬೇಕಾದ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಮೊಸರಿನ ಹಾಗೆ ಒಡೆದು ಹೋಗುತ್ತೆ. ನೀರಿನಲ್ಲಿ ಕರಗದ ಆ ಜಿಡ್ಡು ಗಾಜಿಗೆ ಅಂಟುತ್ತೆ. ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಮತ್ತೆ ಜಿಡ್ಡು. ಪದರದ ಮೇಲೆ ಪದರ. ಅದಕ್ಕೇ ಬರೀ ನೀರಿನಲ್ಲಿ ಎಷ್ಟು ತೊಳೆದರೂ ಹೋಗದು. ಪಾತ್ರೆ ತೊಳೆಯೋ ಲಿಕ್ವಿಡ್ಡು, ಷಾಂಪು ಇವುಗಳಿಗೆ ಈ ಕಾಟ ಕಡಿಮೆ, ಅವು ಹಾಗೆ ಒಡೆಯೋಲ್ಲ. ಮನೆಯಲ್ಲಿ ಗಾಜು ಹಾಕಿಸಿಕೊಂಡ ಒಬ್ಬ ಪರಿಚಿತರು ಬಿಲ್ಲೆ ಸೋಪು ಬಿಟ್ಟು ಲಿಕ್ವಿಡ್ ಸೋಪಿಗೆ ತಿರುಗಿದ ಮೇಲೆ ಅರ್ಧ ಕೆಲಸ ಕಡಿಮೆಯಾಯಿತು ಅಂತಾರೆ. ಅವರ ತಾಯಿಗೆ ಮಾತ್ರ ಆ ಲಿಕ್ವಿಡ್ಡು ಸ್ನಾನವೇ ಅಲ್ಲ!

ನಿಮ್ಮ ನೀರು ಎಷ್ಟು ಗಡಸು ಅಂತ ನೋಡೋದು ಸುಲಭ. ಎರಡು ಖಾಲಿ ಬಾಟಲಿ ತೊಗೊಳ್ಳಿ. ಒಂದಕ್ಕೆ ಅರ್ಧ ಬೋರ್ ನೀರು, ಇನ್ನೊಂದಕ್ಕೆ ಅರ್ಧ ಮಳೆನೀರು. ಎರಡಕ್ಕೂ ಒಂದೇ ಅಳತೆಯ ಸೋಪಿನ ಚೂರು ಹಾಕಿ ಕುಲುಕಿ. ಒಂದರಲ್ಲಿ ಕುತ್ತಿಗೆ ತನಕ ನೊರೆ ಏರುತ್ತೆ, ಇನ್ನೊಂದರಲ್ಲಿ ಕಲಸಿದ ಮಜ್ಜಿಗೆ. ಮೊಬೈಲ್ ಅಂಗಡಿಯಲ್ಲೂ ಸಿಗೋ ಟಿಡಿಎಸ್ ಪೆನ್ನು ಅದ್ದಿ ‘ನೋಡಿ ನೋಡಿ 900’ ಅಂತ ಹೆದರಿಸೋರು ಬರ್ತಾರೆ. ಅದು ನೀರಿನಲ್ಲಿ ಒಟ್ಟು ಉಪ್ಪು ಎಷ್ಟಿರಬಹುದು ಅಂತ ಕರೆಂಟು ಹರಿಸಿ ಅಂದಾಜು ಮಾಡುತ್ತೆ ಅಷ್ಟೇ. ಅದರಲ್ಲಿ ಸುಣ್ಣ ಎಷ್ಟು, ಅಡಿಗೆ ಉಪ್ಪು ಎಷ್ಟು ಅಂತ ಅದಕ್ಕೆ ಗೊತ್ತಾಗೋಲ್ಲ. ಸರಿಯಾದ ಲೆಕ್ಕ ಬೇಕಾದರೆ ನೀರು ಪರೀಕ್ಷೆ ಮಾಡೋ ಪ್ರಯೋಗಾಲಯಕ್ಕೇ ಒಂದು ಬಾಟಲಿ ಕೊಡಬೇಕು.

80 ರೂಪಾಯಿ ಔಷಧಿ

ಬಾರದ ಹಾಗೆ ಮಾಡೋದು ಹೇಗೆ? ಇದಕ್ಕೆ ಉತ್ತರ ಎಷ್ಟು ಸಣ್ಣದು ಅಂದರೆ ಬರೆಯೋಕೆ ನಾಚಿಕೆ. ನೀರು ಒಣಗೋಕೆ ಬಿಡಬೇಡಿ. ಅಷ್ಟೇ! ಸುಣ್ಣ ನೀರಿನಲ್ಲಿ ಕರಗಿರೋವರೆಗೆ ಗಾಜಿಗೆ ಅಂಟೋಲ್ಲ. ಸ್ನಾನ ಮುಗಿದ ಕೂಡಲೆ ಗಾಜಿನ ಮೇಲಿನ ನೀರನ್ನು ಎಳೆದು ಹಾಕಿದರೆ ಸುಣ್ಣವೂ ನೀರಿನ ಜೊತೆ ಮೋರಿಗೆ ಹೋಯ್ತು.

ಕಾರಿನ ಗಾಜು ಒರೆಸೋ ರಬ್ಬರ್ ಪಟ್ಟಿಯ ಹಿಡಿವೈಪರ್ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ನಾನು ಕೊಂಡದ್ದು 80 ರೂಪಾಯಿ. ಮೇಲಿಂದ ಕೆಳಕ್ಕೆ ಒಂದೊಂದು ಎಳೆತ, ಪ್ರತಿ ಎಳೆತಕ್ಕೂ ರಬ್ಬರ್ ಒರೆಸಬೇಕು, ಕೊನೆಗೆ ಅಂಚು ಮತ್ತು ಕೀಲಿನ ಹತ್ತಿರ ಒಂದು ಹಳೇ ಪಂಚೆ ಬಟ್ಟೆ ಆಡಿಸಬೇಕು. ಕೈಗಡಿಯಾರ ಹಿಡಿದು ನೋಡಿದೆ, ಒಂದು ಬಾಗಿಲಿಗೆ ಒಂದು ನಿಮಿಷ ಸಾಕು. ಆಮೇಲೆ ಬಾಗಿಲು ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ಬೇಕರಿಯವರೂ ಅಷ್ಟೆ, ಷೋಕೇಸಿಗೆ ಒದ್ದೆ ಬಟ್ಟೆ ಆಡಿಸಿ ಹಾಗೇ ಬಿಟ್ಟರೆ ಕಲೆ ತಾನೇ ತಂದು ಹಚ್ಚಿದ ಹಾಗೆ. ಒದ್ದೆ ಬಟ್ಟೆಯ ಹಿಂದೆಯೇ ಒಣ ಬಟ್ಟೆ ಹೋಗಬೇಕು. ಒಣ ಬಟ್ಟೆ ಇಲ್ಲದಿದ್ದರೆ ಓದಿ ಮುಗಿಸಿದ ಸಂಜೆ ಪತ್ರಿಕೆ ಇದೆ. ನಮ್ಮ ಸಂಪಾದಕರು ಬೇಜಾರು ಮಾಡ್ಕೊಳ್ಳೋಲ್ಲ.

ಮನೆಯಲ್ಲಾದರೆ ಇದು ಸರಿ. ಲಾಡ್ಜಿನಲ್ಲಿ? ದುಡ್ಡು ಕೊಟ್ಟು ಬಂದ ಗಿರಾಕಿ ಸ್ನಾನ ಮಾಡಿ ಗಾಜು ಒರೆಸ್ತಾರಾ? ಅವರು ಹೋದ ಮೂರು ತಾಸಿಗೆ ಹುಡುಗ ಬರೋ ಹೊತ್ತಿಗೆ ಗಾಜು ಒಣಗಿ ಕೂತಿರುತ್ತೆ. ಅದಕ್ಕೇ ಗಾಜಿಗೆ ಹಚ್ಚೋ ಒಂದು ದ್ರವ ಮಾರುಕಟ್ಟೆಯಲ್ಲಿದೆ. ಸಿಲಿಕಾನ್ ಜಾತಿಯ ರಾಸಾಯನಿಕ. ಗಾಜಿನ ಮೈಗೆ ಕಚ್ಚಿಕೊಂಡು ತೆಳು ಪದರ ಕಟ್ಟುತ್ತೆ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿ ಉರುಳಿಹೋಗುತ್ತೆ. ಒಳ್ಳೆಯದೇ. ಆದರೆ ಇದನ್ನು ಮಾರೋರು ಹೇಳದ ಎರಡು ಮಾತಿವೆ. ಗಾಜು ಪೂರ್ತಿ ಶುಭ್ರವಾಗಿ ಒಣಗಿರುವಾಗ ಹಚ್ಚಬೇಕು. ಕಲೆಯ ಮೇಲೆ ಹಚ್ಚಿದರೆ ಕಲೆಗೇ ಬೀಗ ಹಾಕಿದಂತೆ. ಇನ್ನೊಂದು, ಅದು ಶಾಶ್ವತವಲ್ಲ, ಉಜ್ಜಿ ಉಜ್ಜಿ ಸವೆಯುತ್ತೆ, ಮತ್ತೆ ಹಚ್ಚಬೇಕು. ಉರುಳದೆ ನಿಂತ ಹನಿ ಒಣಗಿದರೆ ಚುಕ್ಕೆ ಆಗೇ ಆಗುತ್ತೆ. ವೈಪರಿಗೆ ರಜೆ ಕೊಡೋ ಔಷಧಿ ಇದಲ್ಲ, ವೈಪರಿನ ಕೆಲಸ ಹಗುರ ಮಾಡೋ ಔಷಧಿ.

ಕೂತ ಕಲೆ ತೆಗೆಯೋದು

ಕಲೆ ಕೂತಾಗಿದೆ ಅನ್ನೋರಿಗೆ ಅಡಿಗೆಮನೆಯಲ್ಲೇ ಮದ್ದಿದೆ. ಸುಣ್ಣಕ್ಕೆ ಹುಳಿ. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಗಾಜಿಗೆ ಸಿಂಪಡಿಸಿ. ಇಲ್ಲವೆ ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಹರಳು, ಕೆಲವರು ನಿಂಬೆ ಉಪ್ಪು ಅಂತಾರೆ, ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ. ನಿಂತ ಗಾಜಿನ ಮೇಲೆ ಹುಳಿ ನಿಲ್ಲೋಲ್ಲ, ಜಾರಿಹೋಗುತ್ತೆ. ಅದಕ್ಕೆ ಆ ನೀರಿನಲ್ಲಿ ಅದ್ದಿದ ಹಳೇ ಬಟ್ಟೆಯನ್ನು ಗಾಜಿಗೆ ಅಂಟಿಸಿ ಹತ್ತು ನಿಮಿಷ ಬಿಡಿ. ಸುಣ್ಣ ಕರಗಿ ಗ್ಯಾಸಾಗಿ ಸಣ್ಣಗೆ ಗುಳ್ಳೆ ಏಳುತ್ತೆ. ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಮೆತ್ತನೆ ಸ್ಪಂಜಿನಲ್ಲಿ ಉಜ್ಜಿ, ಸೋಪಿನ ಜಿಡ್ಡು ಹೋಗೋದು ಆಗಲೇ. ಕೊನೆಗೆ ಸಪ್ಪೆ ನೀರಿನಲ್ಲಿ ತೊಳೆದು ಒರೆಸಿ. ಒಂದು ಸಲಕ್ಕೆ ಹೋಗದಿದ್ದರೆ ಎರಡು ಸಲ, ಮೂರು ಸಲ. ವರ್ಷಗಟ್ಟಲೆ ಕೂತದ್ದು ಒಂದು ಗಂಟೆಗೆ ಹೋಗಲಿ ಅಂದರೆ ಹೇಗೆ?

ಇಲ್ಲೊಂದು ಎಚ್ಚರಿಕೆ. ಬಚ್ಚಲ ನೆಲಕ್ಕೆ ಕಡಪ ಕಲ್ಲು, ಶಹಾಬಾದ್ ಕಲ್ಲು, ಮಾರ್ಬಲ್ ಹಾಕಿಸಿದ್ದರೆ ಹುಳಿ ಅದರ ಮೇಲೆ ಚೆಲ್ಲದ ಹಾಗೆ ನೋಡಿಕೊಳ್ಳಿ. ಅವು ಹುಟ್ಟಿನಿಂದ ಸುಣ್ಣದ ಕಲ್ಲುಗಳೇ. ಗಾಜಿನ ಸುಣ್ಣ ಕರಗಿಸೋ ಹುಳಿ ನೆಲದ ಸುಣ್ಣ ಬಿಡುತ್ತಾ? ಹೊಳಪು ಹೋಗಿ ಮಚ್ಚೆ ಬೀಳುತ್ತೆ. ನಮ್ಮೂರ ಗ್ರಾನೈಟು ಈ ವಿಚಾರದಲ್ಲಿ ಗಟ್ಟಿ ಆಸಾಮಿ.

ಮೊಬೈಲಿನಲ್ಲಿ ಓಡಾಡೋ ವಿಡಿಯೋಗಳಲ್ಲಿ ಅಡಿಗೆ ಸೋಡಾ ಮತ್ತು ವಿನಿಗರ್ ಎರಡನ್ನೂ ಒಟ್ಟಿಗೆ ಕಲಸಿ ಬುಸ್ ಅಂತ ನೊರೆ ಎಬ್ಬಿಸಿ ತೋರಿಸ್ತಾರೆ. ನೋಡೋಕೆ ಜಾತ್ರೆ. ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡ ಮೇಲೆ ಉಳಿಯೋದು ಉಪ್ಪು ನೀರು. ಸೋಡಾ ಬೇಕಾದರೆ ಆಮೇಲೆ ಬೇರೆಯಾಗಿ ಪೇಸ್ಟು ಮಾಡಿ ಉಜ್ಜೋಕೆ ಬಳಸಿ. ಸ್ಟೀಲ್ ಉಜ್ಜೋ ತಂತಿಯ ಗುಂಜು, ಮರಳು ಕಾಗದ ಬೇಡವೇ ಬೇಡ. ಗಾಜು ಗೀರುತ್ತೆ, ಗೀರಿನಲ್ಲಿ ಮತ್ತೆ ಸುಣ್ಣ ಗಟ್ಟಿಯಾಗಿ ಕೂರುತ್ತೆ. ಬ್ಲೇಡಿನಲ್ಲಿ ಕೆರೆಯೋರಿಗೂ ಇದೇ ಮಾತು. ಈ ಬಾಗಿಲುಗಳು ಟಫನ್ಡ್ ಗಾಜು. 600 ಡಿಗ್ರಿಗೂ ಮೇಲೆ ಕಾಯಿಸಿ ಒಮ್ಮೆಲೇ ಗಾಳಿ ಹೊಡೆದು ತಣಿಸಿ ಮಾಡಿದ್ದು. ಮಧ್ಯೆ ಗುದ್ದಿದರೆ ತಡೆಯುತ್ತೆ, ಅಂಚಿಗೆ ಕಬ್ಬಿಣ ತಗುಲಿದರೆ ಪೂರ್ತಿ ಬಾಗಿಲು ಕಲ್ಲುಸಕ್ಕರೆ ಹಾಗೆ ಪುಡಿಯಾಗಿ ಸುರಿಯುತ್ತೆ.

ಎಷ್ಟು ಹುಳಿ ಹಾಕಿದರೂ ಹೋಗದ ಮಬ್ಬು ಒಂದಿದೆ. ಉಗುರಿಗೆ ತರಿತರಿ ಸಿಕ್ಕರೆ ಅದು ಇನ್ನೂ ಮೇಲಿನ ಪದರ. ನುಣ್ಣಗಿದ್ದೂ ಹಾಲು ಹಾಲಾಗಿ ಕಂಡರೆ ಹೆಚ್ಚಾಗಿ ಗಾಜೇ ಸವೆದಿದೆ ಅಂತ ತಿಳೀರಿ. ಗಾಜು ಮಾಡೋದು ಮರಳು, ಸೋಡಾ, ಸುಣ್ಣಕಲ್ಲಿನಿಂದ. ನೀರು ನಿಂತು ನಿಂತು ಗಾಜಿನೊಳಗಿನ ಸೋಡಿಯಂ ಈಚೆಗೆ ಬರುತ್ತೆ, ಆ ಜಾಗ ಕ್ಷಾರವಾಗುತ್ತೆ, ಕ್ಷಾರ ಗಾಜಿನ ಮೈಯನ್ನೇ ತಿನ್ನುತ್ತೆ. ಇದನ್ನು ತೊಳೆಯೋಕೆ ಬರೋಲ್ಲ. ಕನ್ನಡಕದ ಗಾಜು ಉಜ್ಜೋಕೆ ಬಳಸೋ ಸೀರಿಯಂ ಆಕ್ಸೈಡ್ ಪುಡಿ ಹಾಕಿ ತಾಳ್ಮೆಯಿಂದ ಪಾಲಿಶ್ ಮಾಡಬೇಕು. ಎಂಟರಲ್ಲಿ ಮೂರು ಬಾಗಿಲು ಈ ಸ್ಥಿತಿಗೆ ಬಂದಿದ್ದವು. ಪಾಲಿಶಿನ ಕೂಲಿ ಕೇಳಿದ ಮಾಲೀಕರು ‘ಅದರ ಬದಲು ಪರದೆ ಕಟ್ಟಿಸ್ತೀನಿ ಬಿಡಿ’ ಅಂದರು.

ಹೆಸರು ಕೇಳದೆ ಕೊಟ್ಟರು

ಈಗ ಆಸಿಡ್ ವಿಚಾರ. ಅಂಗಡಿಯವರು ಇಲ್ಲಿಂದ ಸ್ವಲ್ಪ ಗಮನ ಕೊಟ್ಟು ಓದಬೇಕು.

ಆ ಹುಡುಗ ತಂದದ್ದು ಹೈಡ್ರೋಕ್ಲೋರಿಕ್ ಆಸಿಡ್. ಬಿಡಿಯಾಗಿ, ಕೂಲ್‌ಡ್ರಿಂಕಿನ ಹಳೇ ಬಾಟಲಿಯಲ್ಲಿ. ಹೆಸರಿಲ್ಲ, ಚೀಟಿಯಿಲ್ಲ. ಮೇಜಿನ ಮೇಲಿಟ್ಟರೆ ಬಾಯಾರಿದ ಮಗು ಎತ್ತಿ ಕುಡಿಯೋ ಹಾಗಿದೆ. ನಾನೂ ಪರೀಕ್ಷೆ ಮಾಡೋಣ ಅಂತ ಮೂರು ಅಂಗಡಿಗೆ ಹೋದೆ. ಎರಡು ಕಡೆ ಕೇಳಿದ ತಕ್ಷಣ ಕೊಟ್ಟರು. ಯಾಕೆ ಅಂತ ಕೇಳಲಿಲ್ಲ, ನನ್ನ ಹೆಸರನ್ನೂ ಕೇಳಲಿಲ್ಲ. ಮೂರನೆಯವರು ಮಾತ್ರ ‘ಬಿಡಿ ಆಸಿಡ್ ಇಡೋಲ್ಲಪ್ಪ’ ಅಂದರು. ಅವರಿಗೆ ನನ್ನ ನಮಸ್ಕಾರ.

ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿ ಎಂಬ ಹೆಣ್ಣುಮಗಳು ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರ ಜುಲೈ 18ರಂದು ಆದೇಶ ಕೊಟ್ಟಿತು. ಆಸಿಡ್ ಬಿಡಿಯಾಗಿ ಮಾರುವ ಅಂಗಡಿ ರಿಜಿಸ್ಟರ್ ಇಡಬೇಕು. ಕೊಂಡವರ ಹೆಸರು, ವಿಳಾಸ, ಎಷ್ಟು ಕೊಂಡರು ಬರೆಯಬೇಕು. ವಿಳಾಸವಿರುವ ಸರ್ಕಾರಿ ಫೋಟೋ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಅಂತ ಕೇಳಬೇಕು. 18 ತುಂಬದವರಿಗೆ ಕೊಡಕೂಡದು. ಇರೋ ದಾಸ್ತಾನನ್ನು 15 ದಿನದೊಳಗೆ ಉಪವಿಭಾಗಾಧಿಕಾರಿಗೆ ತಿಳಿಸಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಈ ಆದೇಶ ಆಗಿ ಎಷ್ಟು ವರ್ಷವಾಯ್ತು ಲೆಕ್ಕ ಹಾಕಿ. ‘ಬಾತ್‌ರೂಮ್ ತೊಳೆಯೋಕೆ ತಾನೆ’ ಅನ್ನೋ ಉತ್ತರಕ್ಕೆ ರಿಜಿಸ್ಟರಿನಲ್ಲಿ ಜಾಗವಿದೆ, ಅಲ್ಲೇ ಬರೆಸಿಕೊಳ್ಳಲಿ.

ಬ್ಲೀಚಿಂಗ್ ಪೌಡರಿಗೆ ಯಾವ ಆಸಿಡ್ ಸೇರಿದರೂ ಕ್ಲೋರಿನ್ ಗ್ಯಾಸು ಬರುತ್ತೆ. ವಿನಿಗರ್ ಸೇರಿದರೂ ಬರುತ್ತೆ, ಬರೀ ಆ ಖಾರದ ಆಸಿಡ್ ಒಂದೇ ಅಂತ ತಿಳೀಬೇಡಿ. ಅದು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತೆ. ಕುಕ್ಕರುಗಾಲಲ್ಲಿ ಕೂತು ನೆಲ ಉಜ್ಜೋನ ಮೂಗು ಎಲ್ಲಿರುತ್ತೆ ಯೋಚನೆ ಮಾಡಿ. ಅದೂ ಕಿಟಕಿಯಿಲ್ಲದ, ಮುಚ್ಚಿದ ಬಚ್ಚಲು. ಘಾಟು ಬಂದ ಕ್ಷಣ ಎಲ್ಲಾ ಬಿಟ್ಟು ಬಯಲಿಗೆ ಓಡಬೇಕು, ನೀರು ಹಾಕಿ ಸರಿಮಾಡ್ತೀನಿ ಅಂತ ಒಳಗೆ ನಿಲ್ಲಬಾರದು. ಉಸಿರು ಕಟ್ಟುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ. ಮೈಮೇಲೆ ಆಸಿಡ್ ಸಿಡಿದರೆ ಕಾಲು ಗಂಟೆಯಾದರೂ ಸುರಿಯೋ ನೀರಿನ ಕೆಳಗೆ ಹಿಡಿಯಬೇಕು. ಎಣ್ಣೆ, ಟೂತ್‌ಪೇಸ್ಟು, ಇಂಕು ಹಚ್ಚೋ ವೈದ್ಯ ಬೇಡ.

ಯಂತ್ರ ಮಾರೋರು ಬಂದರು

ಲಾಡ್ಜಿನ ಸುದ್ದಿ ಹರಡಿದ ಮೇಲೆ ನೀರು ಮೆದು ಮಾಡೋ ಯಂತ್ರ ಮಾರೋರು ಇಬ್ಬರು ಬಂದು ಹೋದರಂತೆ. ಒಬ್ಬರದು ಉಪ್ಪು ಹಾಕೋ ಸಾಫ್ಟನರು. ಇದು ನಿಜವಾದ ಯಂತ್ರ. ಒಳಗೆ ಸಣ್ಣ ಸಣ್ಣ ರಾಳದ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ತಮ್ಮಲ್ಲಿರೋ ಸೋಡಿಯಂ ಬಿಟ್ಟುಕೊಡುತ್ತವೆ. ಮಣಿ ತುಂಬಿದ ಮೇಲೆ ಉಪ್ಪಿನ ನೀರು ಹಾಯಿಸಿದರೆ ಮತ್ತೆ ಹೊಸದು. ಸೋಪು ನೊರೆ ಬರುತ್ತೆ, ಗೀಸರು ಬಾಳುತ್ತೆ. ಆದರೆ ಉಪ್ಪು ನೀರಿನಿಂದ ಹೋಗಿರೋಲ್ಲ, ಜಾತಿ ಬದಲಾಗಿರುತ್ತೆ. ಹನಿ ಒಣಗಿದರೆ ಚುಕ್ಕೆ ಬಿದ್ದೇ ಬೀಳುತ್ತೆ. ಒದ್ದೆ ಬಟ್ಟೆಗೆ ಸಲೀಸಾಗಿ ಬರುತ್ತೆ ಅನ್ನೋದೇ ಲಾಭ. ತೊಳೆದ ಉಪ್ಪುನೀರನ್ನು ತೆಂಗಿನ ಮರದ ಬುಡಕ್ಕೆ ಬಿಡೋ ಹಾಗಿಲ್ಲ, ಅದು ಬೇರೆ ತಲೆನೋವು.

ಇನ್ನೊಬ್ಬರದು ಪೈಪಿನ ಸುತ್ತ ಕಟ್ಟೋ ಆಯಸ್ಕಾಂತ. ಉಪ್ಪು ಬೇಡ, ಕರೆಂಟು ಬೇಡ, ಸುಣ್ಣ ತಾನೇ ಓಡಿಹೋಗುತ್ತಂತೆ! ಈ ಆಯಸ್ಕಾಂತ ಕೆಲಸ ಮಾಡುತ್ತೆ ಅನ್ನೋದಕ್ಕೆ ನಂಬಬಹುದಾದ ಪುರಾವೆ ನನಗೆಲ್ಲೂ ಸಿಗಲಿಲ್ಲ. ಪೈಪಿನ ಮೇಲೆ ಕಟ್ಟಿದ ತಾಯತ ಅಂತ ನನ್ನ ಅಭಿಪ್ರಾಯ. ಕೊಳ್ಳೋರು ಆರು ತಿಂಗಳಾದ ಮೇಲೆ ದುಡ್ಡು ಕೊಡ್ತೀನಿ ಅಂತ ಹೇಳಿ ನೋಡಲಿ.

ಆರ್.ಒ. ನೀರಿನಲ್ಲಿ ಸ್ನಾನ ಮಾಡೋಕಾಗೋಲ್ಲ, ಅದು ಶುದ್ಧ ಮಾಡೋವಾಗ ಎಷ್ಟೋ ನೀರನ್ನು ಮೋರಿಗೆ ಚೆಲ್ಲುತ್ತೆ. ಆದರೆ ಘಟಕದಲ್ಲಿ ಕಾಯಿನ್ ಹಾಕಿ ತುಂಬಿಸೋ ಕ್ಯಾನಿನಿಂದ ಒಂದು ಚೊಂಬು ಕೊನೆಗೆ ಗಾಜಿನ ಮೇಲೆ ಸುರಿದರೆ ಕಲೆ ಬಹಳ ಕಡಿಮೆ. ಅದಕ್ಕಿಂತ ಅಗ್ಗ ಮಳೆನೀರು. ನಮ್ಮಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. 1,000 ಚದರಡಿ ಮಾಳಿಗೆ ಮೇಲೆ ಬಿದ್ದದ್ದರಲ್ಲಿ ಐದನೇ ಒಂದು ಭಾಗ ಪೋಲಾಯಿತು ಅಂದರೂ 50,000 ಲೀಟರಿಗೆ ಮೋಸವಿಲ್ಲ. ಸುಣ್ಣವಿಲ್ಲದ ನೀರು, ಪುಕ್ಕಟೆ. ಲಾಡ್ಜಿನ ಮಾಳಿಗೆ ಅದಕ್ಕಿಂತ ದೊಡ್ಡದು. ಅಲ್ಲಿ ಬಿದ್ದ ನೀರು ನೇರ ರಸ್ತೆಗೆ ಬಂದು ಬಸ್ಸಿಗೆ ಕಾಯೋರ ಕಾಲು ಒದ್ದೆ ಮಾಡುತ್ತೆ.

2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಕೆರೆ ತುಂಬಿತು, ಬೋರಿಗೆ ನೀರು ಬಂತು ಅನ್ನೋರಿದ್ದಾರೆ. ನೀರು ಬಂದರೂ ಅದು ಇದೇ ಮಣ್ಣು, ಇದೇ ಬಂಡೆ ಹಾದು ಬರಬೇಕು. ನಮ್ಮ ಗಾಜಿಗೆ ಬಿಡುಗಡೆ ಸದ್ಯಕ್ಕೆ ಕಾಣೋಲ್ಲ.

ಲಾಡ್ಜಿನಲ್ಲಿ ಈಗ ಮೂರು ಬಚ್ಚಲಿಗೆ ಪ್ಲಾಸ್ಟಿಕ್ ಪರದೆ ಬಂದಿದೆ. ಉಳಿದ ಐದರಲ್ಲಿ ಒಂದೊಂದು ವೈಪರ್ ನೇತು ಹಾಕಿ ‘ದಯವಿಟ್ಟು ಗಾಜು ಒರೆಸಿ’ ಅಂತ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದಾರೆ. ಹತ್ತರಲ್ಲಿ ನಾಲ್ವರು ಒರೆಸ್ತಾರಂತೆ, ಅದೇ ಆಶ್ಚರ್ಯ ಅಂದರು ಮಾಲೀಕರು. ಮುರಿದುಕೊಂಡ 2,000 ರೂಪಾಯಿ ಏನಾಯ್ತು ಅಂತ ಕೇಳಿದೆ. ‘ಆಸ್ಪತ್ರೆ ಖರ್ಚು ನಾನೇ ಕೊಟ್ಟಿದ್ದೀನಲ್ಲ ಪೇಪರ್‌ನೋರೇ’ ಅಂದರು. ಅದೂ ಸುಳ್ಳಲ್ಲ. ಇದೂ ಲೆಕ್ಕವಲ್ಲ. ಹಾಗಂತ ಅವರ ಮುಖಕ್ಕೇ ಹೇಳಿ ಬಂದಿದ್ದೇನೆ.

ಹುಡುಗ ಮತ್ತೆ ಕೆಲಸಕ್ಕೆ ಬರಲಿಲ್ಲ. ಮುಳಬಾಗಿಲಿನಲ್ಲಿ ಒಂದು ಬೇಕರಿಯಲ್ಲಿದ್ದಾನೆ. ಹೋಗಿ ಮಾತಾಡಿಸಿದೆ. ಮೆಟ್ಟಿಲು ಹತ್ತಿದರೆ ಇನ್ನೂ ಸ್ವಲ್ಪ ಏದುಸಿರು ಬರುತ್ತಂತೆ. ‘ಇಲ್ಲೂ ಗಾಜೇ ಅಣ್ಣಾ’ ಅಂತ ನಕ್ಕ. ಷೋಕೇಸು ಒರೆಸ್ತಿದ್ದ. ಒಂದು ಕೈಲಿ ಒದ್ದೆ ಬಟ್ಟೆ, ಹೆಗಲ ಮೇಲೆ ಒಣ ಬಟ್ಟೆ.